ಉಪ್ಪು ಬೇಡದ ನೆಲ

ಚಿಕ್ಕೇರೂರು ಕ್ಯಾಂಪು
೨೮ ನವೆಂಬರ್ ೧೯೬೬

ಚಿ. ಸೌ. ದಾನವ್ವಳಿಗೆ, ಮಹಾಲಿಂಗಪ್ಪನ ಆಶೀರ್ವಾದಗಳು.

ಹತ್ತಿಮತ್ತೂರಿನಿಂದ ಹೊರಟವನು ಹಾವೇರಿಯಲ್ಲಿ ಬಸ್ಸು ತಪ್ಪಿಸಿಕೊಂಡು ಮರುದಿನ ಇಲ್ಲಿಗೆ ಮುಟ್ಟಿದೆ. ನಮ್ಮ ಜೀಪಿನ ಡ್ರೈವರ್ ಶಹಾಬುದ್ದೀನ ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಚಹಾ ಮಾಡಿಕೊಟ್ಟ.

ಮಗು ತೀರಿಕೊಂಡ ತಂತಿ ನಮ್ಮ ಹಿಂದಿನ ಕ್ಯಾಂಪಿಗೆ ಹೋಗಿ, ಅಲ್ಲಿಂದ ನನ್ನನ್ನು ಹುಡುಕಿಕೊಂಡು ಬರುವಷ್ಟರಲ್ಲಿ ನಿಮ್ಮಪ್ಪ ಎಲ್ಲ ಮುಗಿಸಿಬಿಟ್ಟಿದ್ದರು. ನಾನು ಬಂದು ಒಂದು ರಾತ್ರಿ ಇದ್ದೆ. ನೀನು ಬಾಣಂತಿ ಕೋಣೆಯಲ್ಲಿದ್ದೆ. ಹೊರಡುವಾಗ ಬಾಗಿಲಿಗೆ ಬಂದು "ಬರ್ತೇನಿ" ಎಂದೆ. ನೀನು ಉತ್ತರ ಕೊಡಲಿಲ್ಲ. ನಿದ್ದೆಯಲ್ಲಿರಬೇಕು ಎಂದುಕೊಂಡೆ.

ಆಗಿದ್ದು ಆಗಿಹೋಯಿತು. ಅದರ ಮಾತು ತೆಗೆದು ಇಬ್ಬರೂ ಸಂಕಟಪಡುವುದು ಬೇಡ. ಸಂಕ್ರಾಂತಿ ಮುಗಿದ ಮೇಲೆ ನಿನ್ನನ್ನು ಕಳಿಸಿಕೊಟ್ಟರೆ ಹಿರೇಕೆರೂರಿನಲ್ಲಿ ಒಂದು ಖೋಲಿ ಹಿಡಿಯುತ್ತೇನೆ. ಕೈಯಿಂದ ಮಾಡಿಕೊಂಡು ತಿಂದು ನನಗೂ ಸಾಕಾಗಿದೆ.

ನಿಮ್ಮವ್ವ ಊರ ತುಂಬ ನಮ್ಮ ಸರ್ವೆ ಪಾರ್ಟಿಯದು ನೀರು ನೋಡುವ ಕೆಲಸ ಎಂದು ಹೇಳಿದ್ದಾರಂತೆ. ನನ್ನನ್ನು ಬಸ್ಸಿಗೆ ಹತ್ತಿಸಲು ಬಂದವರಲ್ಲಿ ಇಬ್ಬರು ಬಾವಿ ತೋಡುವ ಜಾಗ ತೋರಿಸಿ ನೀರು ಸಿಗುತ್ತದೆಯೇ ಎಂದು ಕೇಳಿದರು. ಅವರಿಗೆ ಹೇಳು, ನಾವು ನೋಡುವುದು ನೀರನ್ನಲ್ಲ. ಸೂರ್ಯನ ದೆಸೆಯಿಂದ ನೆಲದೊಳಗೆ ಸದಾ ಸಣ್ಣಗೆ ವಿದ್ಯುತ್ತು ಹರಿಯುತ್ತಿರುತ್ತದೆ. ದೂರ ದೂರ ಗುಂಡಿ ತೋಡಿ, ಸೀಸದ ತಗಡು ಹೂತು, ನಡುವೆ ತಂತಿ ಎಳೆದರೆ ಆ ಹರಿವು ನಮ್ಮ ಯಂತ್ರಕ್ಕೆ ತಿಳಿಯುತ್ತದೆ. ಬೇಗ ಬೇಗ ಏರಿಳಿಯುವ ಹರಿವು ಮೇಲಿನ ನೆಲದ ಸುದ್ದಿ ಹೇಳುತ್ತದೆ, ನಿಧಾನ ಏರಿಳಿಯುವುದು ಬಹಳ ಆಳದ ಸುದ್ದಿ. ನಾವೆಲ್ಲ ನಿಂತಿರುವ ಈ ಕಲ್ಲಿನ ಕವಚ ಎಷ್ಟು ದಪ್ಪ ಇದೆ, ಎಲ್ಲಿಗೆ ಮುಗಿಯುತ್ತದೆ ಎಂಬುದು ನಮ್ಮ ಸಾಹೇಬರಿಗೆ ಬೇಕು. ಅಷ್ಟು ಆಳ ತೋಡದೆ ತಿಳಿಯಬೇಕು, ಅದೇ ಇದರ ಮಜಾ.

ಆರೋಗ್ಯ ನೋಡಿಕೋ. ತಣ್ಣೀರು ಮುಟ್ಟಬೇಡ.

ಇಂತು,
ಮಹಾಲಿಂಗಪ್ಪ


ಹತ್ತಿಮತ್ತೂರು
೧೨ ಡಿಸೆಂಬರ್ ೧೯೬೬

ಯಜಮಾನರಿಗೆ ದಾನವ್ವ ಮಾಡುವ ನಮಸ್ಕಾರಗಳು.

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಅಪ್ಪ, ಅವ್ವ, ಅಣ್ಣ ಗುದ್ಲೆಪ್ಪ, ಎರಡು ಎತ್ತು, ಒಂದು ಎಮ್ಮೆ ಕ್ಷೇಮ.

ನಾನು ನಿದ್ದೆಯಲ್ಲಿರಲಿಲ್ಲ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಯಾರಿಗೆ ನಿದ್ದೆ ಬರುತ್ತದೆ. ನೀವು ಬಂದಾಗಿನಿಂದ ಹೋಗುವ ತನಕ ಗೋಡೆಗೆ ಕಿವಿ ಕೊಟ್ಟು ಕುಳಿತಿದ್ದೆ. ಪಡಸಾಲೆಯಲ್ಲಿ ನೀವು ಅಪ್ಪನನ್ನು "ಈ ವರ್ಷ ಹತ್ತಿ ದರ ಹೆಂಗೈತ್ರಿ ಮಾವಾರ" ಎಂದು ಕೇಳಿದಿರಿ. ಅಪ್ಪ ಹೇಳಿದ. ಆಮೇಲೆ ರೊಟ್ಟಿ ಮುರಿಯುವ ಸಪ್ಪಳ ಬಂತು. ಇನ್ನು ಕೇಳುತ್ತಾರೆ, ಉಂಡ ಮೇಲೆ ಕೇಳುತ್ತಾರೆ, ದೀಪ ಸಣ್ಣ ಮಾಡಿದ ಮೇಲೆ ಕೇಳುತ್ತಾರೆ ಎಂದು ಕಾದೆ. ನೀವು ಗೊರಕೆ ಹೊಡೆದಿರಿ.

ಮರುದಿನ ಸೂಲಗಿತ್ತಿ ಜನ್ನತಬಿ ಎಣ್ಣೆ ಹಚ್ಚಲು ಬಂದಳು. "ಕೂಸಿನ ಅಪ್ಪ ಬಂದಿದ್ರಂತಲ್ಲವ್ವ, ಏನಂದ್ರು" ಎಂದಳು. "ಹತ್ತಿ ದರ ಕೇಳಿದ್ರು" ಎಂದೆ. ಪಾಪ, ಆಮೇಲೆ ಆಕೆ ತಿಕ್ಕಿದ್ದೇ ತಿಕ್ಕಿದಳು.

ತಡವಾಗಿ ಬಂದಿರೆಂದು ನನಗೆ ಸಿಟ್ಟಿಲ್ಲ. ತಂತಿ ತಪ್ಪಿದರೆ ನೀವೇನು ಮಾಡುತ್ತೀರಿ. ಆದರೆ ಆಗಿದ್ದು ಆಗಿಹೋಯಿತು ಎಂದು ಬರೆದಿರಲ್ಲ, ಆ ಮಾತು ಓದಿ ಉರಿದುಹೋದೆ. ಒಂಬತ್ತು ತಿಂಗಳು ನನ್ನೊಳಗಿದ್ದವಳು ಅವಳು. ನಿಮ್ಮೊಳಗೆ ಒಂದು ದಿನವಾದರೂ ಇದ್ದಳೋ ಇಲ್ಲವೋ ನನಗೆ ಗೊತ್ತಾಗಬೇಕು.

ನೇರವಾಗಿಯೇ ಹೇಳುತ್ತೇನೆ, ಆಮೇಲೆ ಹೆಂಗಸು ಒಗಟು ಹಾಕಿದಳು ಎನ್ನಬೇಡಿರಿ. ಮಗಳ ಬಗ್ಗೆ ಕೇಳಿರಿ. ಯಾರನ್ನು ಹೋಲುತ್ತಿದ್ದಳು, ಅಳುತ್ತಿದ್ದಳೋ ಇಲ್ಲವೋ, ಎಲ್ಲಿಟ್ಟರು, ಏನಾದರೂ ಕೇಳಿರಿ. ಕೇಳಿದ ದಿನ ಗಂಟು ಕಟ್ಟಿಕೊಂಡು ನಿಮ್ಮ ಜೊತೆ ಬರುತ್ತೇನೆ, ಖೋಲಿಯಾದರೂ ಸರಿ, ಡೇರೆಯಾದರೂ ಸರಿ. ಅಲ್ಲಿಯ ತನಕ ಇಲ್ಲೇ ಇರುತ್ತೇನೆ. ಇಲ್ಲಿ ಅವಳಾದರೂ ಇದ್ದಾಳೆ.

ದಾನವ್ವ


ಅಕ್ಕಿಆಲೂರು
೨೨ ಜನವರಿ ೧೯೬೭

ಚಿ. ಸೌ. ದಾನವ್ವಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿ ಬಹಳ ದಿನವಾಯಿತು. ಉತ್ತರ ಬರೆಯಲು ಕುಳಿತಾಗಲೆಲ್ಲ ಏನಾದರೊಂದು ಕೆಲಸ ಬಂತು. ಕೆಲಸ ಬಾರದಿದ್ದಾಗ ನಾನೇ ಹುಡುಕಿಕೊಂಡೆ.

ನಾವು ಹಾನಗಲ್ಲ ತಾಲೂಕಿಗೆ ಬಂದಿದ್ದೇವೆ. ಇಲ್ಲಿ ಭತ್ತದ ಸುಗ್ಗಿ ಮುಗಿದು ಅಕ್ಕಿ ಗಿರಣಿಗಳು ಪುರಸೊತ್ತಿಲ್ಲದೆ ನಡೆಯುತ್ತಿವೆ. ಗಿರಣಿಯ ಕರೆಂಟಿನ ಮೋಟಾರು ಶುರುವಾದರೆ ಸಾಕು, ನಮ್ಮ ಯಂತ್ರದ ಕಾಗದದ ಮೇಲಿನ ಗೆರೆ ದೆವ್ವ ಹಿಡಿದಂತೆ ಕುಣಿಯುತ್ತದೆ. ಭೂಮಿಯ ಮಾತು ಬಹಳ ಸಣ್ಣದು, ಪಕ್ಕದಲ್ಲಿ ಗದ್ದಲವಿದ್ದರೆ ಕೇಳಿಸುವುದಿಲ್ಲ. ಸಾಹೇಬರು ಗಿರಣಿಯ ಮಾಲೀಕರಲ್ಲಿ ಎರಡು ದಿನ ನಿಲ್ಲಿಸಲು ಕೇಳಿಕೊಂಡರು. ಅವರು ನಕ್ಕು, "ಭೂಮಿ ಸುದ್ದಿ ಕೇಳಾಕ ನಮ್ಮ ಅನ್ನ ನಿಂದ್ರಸ್ತೀರೇನ್ರಿ ಸಾಹೇಬ್ರ? ಇನ್ನೂ ಕರೆಂಟ್ ಬರದ ಊರು ನೋಡ್ಕೊಳ್ರಿ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇದೆ. ಕಂಬ ಬರದ ಊರುಗಳ ಪಟ್ಟಿಯಲ್ಲಿ ನಾನು ಹತ್ತಿಮತ್ತೂರಿನ ದಿಕ್ಕಿನ ಹೊಲಗಳನ್ನು ಸೇರಿಸಿದ್ದೇನೆ. ಬೇಸಿಗೆಯಲ್ಲಿ ನಿಮ್ಮೂರಿಗೇ ಬರಬಹುದು.

ನೀನು ಕೇಳು ಎಂದದ್ದನ್ನು ಕೇಳಬೇಕೆಂದು ಎಷ್ಟೋ ಸಲ ಅನಿಸಿತು. ಕೇಳಿದರೆ ನಿನಗೆ ಮತ್ತೆ ಹುಣ್ಣು ಕೆದರಿದಂತೆ. ನಮ್ಮ ಮನೆಯಲ್ಲಿ ನನ್ನ ತಮ್ಮ ತೀರಿಕೊಂಡಾಗ ಯಾರೂ ಅವನ ಹೆಸರೆತ್ತಲಿಲ್ಲ, ಅವ್ವ ಹಾಗೆಯೇ ಸುಧಾರಿಸಿಕೊಂಡಳು. ಮರೆಯುವುದೇ ಮದ್ದು. ನನಗೆ ಬೇರೆ ದಾರಿ ಯಾರೂ ಕಲಿಸಿಲ್ಲ, ದಾನವ್ವ.

ಇಂತು,
ಮಹಾಲಿಂಗಪ್ಪ


ಹತ್ತಿಮತ್ತೂರು
೪ ಮಾರ್ಚ್ ೧೯೬೭

ಯಜಮಾನರಿಗೆ ನಮಸ್ಕಾರಗಳು.

ಗಿರಣಿಯ ಸುದ್ದಿ ತಿಳಿಯಿತು. ನಿಮ್ಮ ಪತ್ರವನ್ನು ಅಣ್ಣ ಓದಿಸಿಕೊಂಡು ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ನಿಮ್ಮ ಅವ್ವ ಸುಧಾರಿಸಿಕೊಂಡಳು ಎಂದು ಬರೆದಿದ್ದೀರಿ. ಮದುವೆಯಾಗಿ ನಿಮ್ಮ ಮನೆಗೆ ಬಂದ ಮೊದಲ ವಾರ, ಒಲೆ ಮುಂದೆ ಕುಳಿತಾಗ ಅತ್ತೆ ನನಗೆ ಹೇಳಿದ ಮೊದಲ ಮಾತೇ ನಿಮ್ಮ ತಮ್ಮನದು. ಅವನು ಬೆಲ್ಲ ಕದ್ದು ತಿನ್ನುತ್ತಿದ್ದುದು, ಎಡಗೈ ಮುಂದಾಗಿದ್ದುದು, ಎಲ್ಲ ಹೇಳಿದರು. "ಈ ಮನಿಯಾಗ ಯಾರೂ ಕೇಳೂದಿಲ್ಲ ತಂಗಿ, ನೀ ಹೊಸಬಳಿದ್ದೀ ಅಂತ ಹೇಳಾಕತ್ತೇನಿ" ಎಂದರು. ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಮೈಲುಗಟ್ಟಲೆ ಕೆಳಗಿನ ಸುದ್ದಿ ಕೇಳುವವರು.

ಅಪ್ಪ ನನ್ನನ್ನು ಕಳಿಸಲು ಅವಸರ ಮಾಡುತ್ತಿದ್ದಾನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾನೆ. ನಾನು ನನ್ನ ಮಾತು ಬದಲಿಸಿಲ್ಲ. ಬರುವ ತಿಂಗಳು ಶಿಗ್ಗಾವಿಯಲ್ಲಿ ಚಿಕ್ಕವ್ವ ಕರೆವ್ವನ ಮಗಳ ಮದುವೆ. ಅಪ್ಪ, ಅವ್ವ, ನಾನು ಮೊದಲೇ ಹೋಗಿ ಕೆಲಸಕ್ಕೆ ನಿಲ್ಲಬೇಕು. ಮನೆಯಲ್ಲಿ ಅಣ್ಣ ಒಬ್ಬನೇ ಇರುತ್ತಾನೆ.

ದಾನವ್ವ


ಹತ್ತಿಮತ್ತೂರು
೧೯ ಏಪ್ರಿಲ್ ೧೯೬೭

ಚಿ. ಸೌ. ದಾನವ್ವಳಿಗೆ ಆಶೀರ್ವಾದಗಳು. ಈ ಪತ್ರವನ್ನು ಶಿಗ್ಗಾವಿಗೆ, ನಿನ್ನ ಚಿಕ್ಕವ್ವನ ಮನೆಗೆ ಹಾಕುತ್ತಿದ್ದೇನೆ.

ನಾನು ಎಲ್ಲಿ ಕುಳಿತು ಬರೆಯುತ್ತಿದ್ದೇನೆ ಹೇಳು ನೋಡೋಣ. ನಿಮ್ಮ ಹೊಲದಲ್ಲಿ. ನಮ್ಮ ಪಾರ್ಟಿ ಬಂದು ವಾರವಾಯಿತು. ನಿಮ್ಮಣ್ಣ ಹಾವೇರಿಗೆ ಹೊರಟು ಗಾಡಿ ಕಟ್ಟುತ್ತಿದ್ದ. ಹೊಲದಲ್ಲಿ ಗುಂಡಿ ತೋಡಬಹುದೇ ಎಂದು ಕೇಳಿದೆ. "ನಿಮ್ಮ ಹೊಲ ಅಲ್ಲೇನ್ರಿ ಅಳಿಯಾರ, ಬೇಕಾದಲ್ಲಿ ತೋಡ್ರಿ" ಎಂದು ಹೊರಟುಹೋದ.

ಬೇಸಿಗೆಯ ಎರೆಭೂಮಿ ನಮಗೆ ದೊಡ್ಡ ಪೀಡೆ. ಉತ್ತ ನೆಲವೆಲ್ಲ ಒಣ ಹೆಂಟೆ, ನಡುವೆ ಕೈ ಹೋಗುವಂಥ ಬಿರುಕು. ತಗಡು ಹೂತರೆ ಮಣ್ಣು ಅದನ್ನು ಹಿಡಿಯುವುದೇ ಇಲ್ಲ. ಕೊಡಗಟ್ಟಲೆ ಉಪ್ಪುನೀರು ಸುರಿಯಬೇಕು, ಒಣಗಿದ ಹಾಗೆ ಮತ್ತೆ ಸುರಿಯಬೇಕು. ಮೂರು ಗುಂಡಿಗೆ ನೀರು ಹೊತ್ತು ಶಹಾಬುದ್ದೀನನ ಬೆನ್ನು ಬಿದ್ದುಹೋಯಿತು. ನಾಲ್ಕನೆಯದಕ್ಕೆ ಜಾಗ ಹುಡುಕುತ್ತ ಹಳ್ಳದ ಕಡೆಯ ಮೂಲೆಗೆ ಹೋದೆ. ಲಕ್ಕಿಗಿಡದ ಮೆಳೆ ಇದೆಯಲ್ಲ, ಅದರ ಬುಡದಲ್ಲಿ ಒಂದು ತುಂಡು ನೆಲಕ್ಕೆ ನೇಗಿಲೇ ತಾಗಿಲ್ಲ. ನೋಡಿದ ಕೂಡಲೇ ನನಗೆ ಹಿಡಿಸಿತು. ನಾನೇ ಗುದ್ದಲಿ ಹಿಡಿದು ಮೊಣಕಾಲುದ್ದ ತೋಡಿದೆ. ಒಳಗೆ ಮಣ್ಣು ಮೆತ್ತಗೆ, ತಂಪಾಗಿತ್ತು. ತಗಡು ಇಟ್ಟು ಅಳೆದು ನೋಡಿದರೆ ನಂಬಲಿಕ್ಕೆ ಆಗಲಿಲ್ಲ. ಒಂದು ಹಿಡಿ ಉಪ್ಪೂ ಬೇಕಾಗಲಿಲ್ಲ, ದಾನವ್ವ. ಇಷ್ಟು ಚೆನ್ನಾಗಿ ತಗಡಿಗೆ ಕೂಡಿಕೊಂಡ ನೆಲವನ್ನು ಈ ವರ್ಷ ಎಲ್ಲಿಯೂ ಕಂಡಿಲ್ಲ. ಗೆರೆ ಎಷ್ಟು ಶುದ್ಧವಾಗಿ ಬರುತ್ತಿದೆಯೆಂದರೆ ಸಾಹೇಬರು, "ಮಹಾಲಿಂಗಪ್ಪ, ನಿಮ್ಮ ಮಾವನವರ ಹೊಲ ನಮ್ಮ ಪುಣ್ಯ" ಎಂದರು. ಇನ್ನೂ ಎರಡು ವಾರ ಹೀಗೆಯೇ ಬಂದರೆ ಬಹಳ ಆಳದ ಲೆಕ್ಕ ಸಿಗುತ್ತದಂತೆ.

ದಿನವೂ ಮಧ್ಯಾಹ್ನ ಆ ಮೆಳೆಯ ನೆರಳಲ್ಲೇ ಬುತ್ತಿ ಬಿಚ್ಚುತ್ತೇನೆ. ಅಲ್ಲಿ ಕುಳಿತರೆ ಮನಸ್ಸು ಹಗುರಾಗುತ್ತದೆ. ನೀನು ಬರೆದದ್ದನ್ನೆಲ್ಲ ಯೋಚಿಸಿದೆ, ನಮ್ಮ ಅವ್ವನ ವಿಷಯವನ್ನೂ. ಮದುವೆ ಮುಗಿಸಿ ಬಾ. ನಾನು ಪತ್ರದಲ್ಲಿ ಕೇಳುವುದಿಲ್ಲ, ನಿನ್ನ ಎದುರಿಗೆ ಕುಳಿತು ಕೇಳುತ್ತೇನೆ.

ನಿನ್ನ
ಮಹಾಲಿಂಗಪ್ಪ


ಶಿಗ್ಗಾವಿ
೨೨ ಏಪ್ರಿಲ್ ೧೯೬೭

ಯಜಮಾನರಿಗೆ.

ಮದುವೆ ಮನೆ, ಶಾವಿಗೆ ಹೊಸೆಯುತ್ತಿದ್ದೆವು. ಪತ್ರ ಬಂತೆಂದು ಚಿಕ್ಕವ್ವ ಎಲ್ಲರೆದುರು ಚೇಷ್ಟೆ ಮಾಡಿದಳು. ಅಲ್ಲೇ ಒಡೆದು ಓದಿದೆ.

ಅಲ್ಲಿ ಉಪ್ಪು ಯಾಕೆ ಬೇಕಾಗಲಿಲ್ಲ ಎಂದರೆ, ಉಪ್ಪು ಆಗಲೇ ಹಾಕಿತ್ತು. ಅಪ್ಪ ಒಂದು ಬುಟ್ಟಿ ತುಂಬ ಉಪ್ಪು ಒಯ್ದಿದ್ದ. ಕೆಳಗೆ ಅರ್ಧ ಹಾಸಿ, ಅವಳನ್ನು ನನ್ನ ಹಳೆಯ ಇಳಕಲ್ ಸೀರೆಯ ಸೆರಗಿನಲ್ಲಿ ಸುತ್ತಿ ಮಲಗಿಸಿ, ಮೇಲೆ ಅರ್ಧ ಹಾಕಿ ಮಣ್ಣು ಮುಚ್ಚಿದನಂತೆ. ಅವ್ವ ಹೇಳಿದಳು.

ನಮ್ಮ ಮನೆಯ ಹಸುಗೂಸುಗಳನ್ನೆಲ್ಲ ಇಡುವುದು ಅಲ್ಲಿಯೇ. ಅಜ್ಜಿಯ ಎರಡು, ಅವ್ವನ ಒಂದು, ಈಗ ನನ್ನದು. ಕಲ್ಲು ನಿಲ್ಲಿಸುವುದಿಲ್ಲ. ಆ ತುಂಡಿಗೆ ನೇಗಿಲು ಹೊಡೆಯುವುದಿಲ್ಲ, ಅಷ್ಟೇ ಗುರುತು. ಆ ಗುರುತನ್ನೇ ನೋಡಿ ನೀವು ಒಳ್ಳೆಯ ಜಾಗ ಎಂದು ಗುದ್ದಲಿ ಹಾಕಿದ್ದೀರಿ. ಇನ್ನೊಂದು ಮೊಳ ತೋಡಿದ್ದರೆ ಮಗಳ ಮುಖ ನೋಡುತ್ತಿದ್ದಿರಿ.

ಎಲ್ಲಿಟ್ಟರು ಎಂಬ ಒಂದು ಮಾತು ನವೆಂಬರಿನಲ್ಲಿ ಕೇಳಿದ್ದರೆ ಸಾಕಿತ್ತು. ಅಣ್ಣನ ಮೇಲೆ ತಪ್ಪು ಹೊರಿಸಬೇಡಿರಿ, ಅವನು ನೀವು ಆ ಮೂಲೆಗೆ ಹೋಗುತ್ತೀರೆಂದು ಕನಸು ಕಂಡಿದ್ದನೇ. ಕೂಸಿನ ಅಪ್ಪನಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಎದುರಿಗೆ ಕುಳಿತು ಕೇಳುತ್ತೇನೆ ಎಂದು ಬರೆದಿದ್ದೀರಿ. ಅವಳ ಮೇಲೆ ಕುಳಿತು ಬರೆದಿದ್ದೀರಿ.

ದಾನವ್ವ


ಸವಣೂರು
೨ ಮೇ ೧೯೬೭

ದಾನವ್ವ,

ನಿನ್ನ ಪತ್ರ ಓದಿ ಆ ಮೂಲೆಗೆ ಓಡಿದೆ. ತಂತಿ ಬಿಡಿಸಿ ತಗಡು ಕಿತ್ತೆ. ಗುದ್ದಲಿ ಮುಟ್ಟಲು ಕೈ ಬರಲಿಲ್ಲ, ಬೊಗಸೆಯಿಂದ ಮಣ್ಣು ತುಂಬಿ ಗುಂಡಿ ಮುಚ್ಚಿದೆ. ಶಹಾಬುದ್ದೀನ ಹಿಂದೆ ಬಂದವನು, ಯಾಕೆ ಏನು ಎಂದು ಕೇಳಿದ. ಹೇಳಿದೆ. ಅವನು ಚಪ್ಪಲಿ ಬಿಟ್ಟು ದೂರ ನಿಂತ. "ನೀವು ಅಳ್ರಿ, ನಾ ಆ ಕಡೆ ನೋಡ್ತೇನಿ" ಎಂದ. ಆಗ ಅತ್ತುಬಿಟ್ಟೆ. ನವೆಂಬರಿನಿಂದ ಅತ್ತಿರಲಿಲ್ಲ.

ನಡುವೆ ತಂತಿ ಕಡಿದದ್ದಕ್ಕೆ ಎಲ್ಲ ದಿನಗಳ ಕೆಲಸವೂ ನೀರಿನಲ್ಲಿ ಹೋಯಿತು. ಸಾಹೇಬರು ಕೂಗಾಡಿದರು. ಕಾರಣ ಹೇಳಿದ ಮೇಲೆ ತಲೆ ತಗ್ಗಿಸಿ, ಹೊಸ ಜಾಗ ನೋಡೋಣ ಎಂದರು. ಅದಕ್ಕೆ ಸವಣೂರಿಗೆ ಬಂದಿದ್ದೇವೆ.

ಮದುವೆಯ ದಿನ ಶಿಗ್ಗಾವಿಗೆ ಬಂದಿದ್ದೆ. ಹಂದರದ ತನಕ ಬಂದೆ. ಒಳಗೆ ನೀನು ಯಾರದೋ ಮಗುವನ್ನು ಬಗಲಲ್ಲಿ ಎತ್ತಿಕೊಂಡು ಅಕ್ಷತೆ ಹಂಚುತ್ತಿದ್ದೆ. ನಿನ್ನೆದುರು ನಿಲ್ಲಲು ಧೈರ್ಯವಾಗದೆ ತಿರುಗಿ ಹೋದೆ.

ಪಡಸಾಲೆಯಲ್ಲಿ ನಾನು ಹತ್ತಿ ದರ ಕೇಳಿದ್ದು ನಿಜ. ಬಾಯಿ ತೆಗೆದಾಗ ಬೇರೆ ಮಾತು ಬರಬೇಕಿತ್ತು, ಹತ್ತಿಯ ಮಾತು ಬಂತು. ಅದನ್ನು ನೆನೆದರೆ ನನಗೇ ಅಸಹ್ಯವಾಗುತ್ತದೆ.

ಈಗ ಕೇಳುತ್ತೇನೆ, ನೀನು ಉತ್ತರ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಅವಳು ಯಾರ ಹಾಗಿದ್ದಳು? ಕೂದಲು ಇತ್ತೇ? ಬಣ್ಣ ನಿನ್ನದೋ ನನ್ನದೋ? ಜೋರಾಗಿ ಅಳುತ್ತಿದ್ದಳೇ, ಹಾಲು ಕುಡಿದಳೇ? ಕಣ್ಣು ಬಿಟ್ಟು ನಿನ್ನನ್ನು ನೋಡಿದಳೇ? ಏನಾದರೂ ಹೆಸರು ಹಿಡಿದು ಕರೆದಿರಾ? ಹೋಗುವಾಗ ನೋವುಪಟ್ಟಳೇ? ನೀನು ಆಗ ನನ್ನನ್ನು ಕರೆದೆಯಾ?

ಬಾ ಎಂದು ಕರೆಯುವ ಮುಖ ನನಗಿಲ್ಲ. ಆದರೂ ನೀನಿಲ್ಲದೆ ನನ್ನಿಂದ ಆಗುವುದಿಲ್ಲ.

ಮಹಾಲಿಂಗಪ್ಪ


ಹತ್ತಿಮತ್ತೂರು
೧೫ ಜೂನ್ ೧೯೬೭

ಯಜಮಾನರಿಗೆ ದಾನವ್ವ ಮಾಡುವ ನಮಸ್ಕಾರಗಳು.

ಉತ್ತರ ಬರಲಿಲ್ಲವೆಂದು ನೊಂದುಕೊಂಡಿರುತ್ತೀರಿ. ನೀವು ಕೇಳಿದ ಒಂದೊಂದಕ್ಕೂ ಮನಸ್ಸಿನಲ್ಲೇ ಉತ್ತರ ಬರೆದೆ. ರೊಟ್ಟಿ ಬಡಿಯುವಾಗ ಬರೆದೆ, ಸಗಣಿ ತಟ್ಟುವಾಗ ಬರೆದೆ. ಕಾಗದ ತೆಗೆದುಕೊಂಡರೆ ಕೈ ಏಳಲಿಲ್ಲ. ಆರು ತಿಂಗಳು ಈ ಮಾತುಗಳಿಗಾಗಿ ಕಾದಿದ್ದೆ. ಬಂದಾಗ ಅವನ್ನು ಹಿಡಿದುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ.

ಮದುವೆಯಿಂದ ಬಂದ ಮೇಲೆ ದಿನವೂ ಆ ಮೂಲೆಗೆ ಹೋಗಿ ಬರುತ್ತಿದ್ದೆ. ನೀವು ಬೊಗಸೆಯಲ್ಲಿ ತುಂಬಿದ ಮಣ್ಣು ಗೊತ್ತಾಗುತ್ತಿತ್ತು, ಬೆರಳಿನ ಗುರುತು ಮಳೆ ಬರುವ ತನಕ ಹಾಗೆಯೇ ಇತ್ತು. ನಿಮ್ಮ ಮೇಲಿನ ಸಿಟ್ಟು ಅದನ್ನು ನೋಡಿ ನೋಡಿ ಕಡಿಮೆಯಾಯಿತು. ಇನ್ನೂ ಸ್ವಲ್ಪ ದಿನ ಕಳೆದಿದ್ದರೆ ಸಂತೋಷದಿಂದಲೇ ಬರುತ್ತಿದ್ದೆನೋ ಏನೋ.

ರೋಹಿಣಿ ಮಳೆ ಆದ ಮೇಲೆ ಅಣ್ಣ ಕೊಡಲಿ ಹಿಡಿದು ಹೋಗಿ ಲಕ್ಕಿಯ ಮೆಳೆ ಕಡಿದ, ಆಮೇಲೆ ಅಲ್ಲಿಯೇ ನೇಗಿಲು ಹೂಡಿದ. ಅವನು ಕೆಟ್ಟವನಲ್ಲ. ಆ ಮೂಲೆಯಲ್ಲಿ ಎತ್ತು ಹೊರಳಿಸಲು ಆಗುವುದಿಲ್ಲವೆಂದು ಮೊದಲಿನಿಂದ ಗೊಣಗುತ್ತಿದ್ದ, ಹಿರಿಯರ ಅಂಜಿಕೆಗೆ ಸುಮ್ಮನಿದ್ದ. ನಾನು ಓಡಿಹೋಗಿ ಎತ್ತಿನ ಮುಂದೆ ನಿಂತೆ. "ಬ್ಯಾಡೋ ಅಣ್ಣಾ" ಎಂದೆ. "ನನಗ್ಯಾಕ ಬ್ಯಾಡ ಅಂತೀ ತಂಗಿ? ಕೂಸಿನ ಅಪ್ಪನೇ ಗುದ್ದಲಿ ಹಾಕ್ಯಾನ. ಒಮ್ಮೆ ಕಬ್ಬಣ ತಾಗಿದ ಮ್ಯಾಲ ಅದು ಹೊಲಾನ. ಹೆತ್ತವರಿಗಿಲ್ಲದ ಮಡಿ ನಮಗ್ಯಾಕ?" ಎಂದ. ನಾನು ಅಪ್ಪನ ಕಡೆ ನೋಡಿದೆ. ಅವಳನ್ನು ಕೈಯಾರೆ ಮಲಗಿಸಿದವನು ಅವನೇ. ಬೇಡ ಎಂದಿದ್ದರೆ ಅಣ್ಣ ನಿಲ್ಲಿಸುತ್ತಿದ್ದ. ಅಪ್ಪ ನನ್ನ ತೋಳು ಹಿಡಿದು ಮೆಲ್ಲಗೆ ಬದುವಿಗೆ ಕರೆದುಕೊಂಡು ಬಂದ. ಅಣ್ಣ ಉತ್ತು ಹರಗಿದ. ಮಿರಗದ ಮಳೆ ಹದವಾಗಿ ಬಿತ್ತು. ನಿನ್ನೆ ಕೂರಿಗೆ ಹೂಡಿ ಜೋಳ ಬಿತ್ತಿದರು. ಈಗ ಆ ಕಡೆ ನೋಡಿದರೆ ಮೂಲೆ ಯಾವುದು, ಹೊಲ ಯಾವುದು, ನನಗೇ ತಿಳಿಯುವುದಿಲ್ಲ.

ನಿಮ್ಮ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲಿಯೇ ಉತ್ತರ ಕೊಡುತ್ತೇನೆ. ಹೌದು, ಆಗ ನಿಮ್ಮನ್ನು ಕರೆದೆ. ಉಳಿದದ್ದು ಬಾಯಿಂದ ಹೇಳುತ್ತೇನೆ, ಒಂದೇ ದಿನದಲ್ಲಿ ಅಲ್ಲ.

ನೀವು ಕೇಳಿದ್ದಕ್ಕೆ ಬರುತ್ತಿದ್ದೇನೆ ಎಂದು ತಿಳಿದು ಸಂತೋಷಪಡಬೇಡಿರಿ. ಇಲ್ಲಿ ಇರಲು ನನಗೊಂದು ಕಾರಣವಿತ್ತು, ಅದು ಹೋಯಿತು. ಅದಕ್ಕೆ ಬರುತ್ತೇನೆ. ಗಂಟು ಕಟ್ಟಿ ಇಟ್ಟಿದ್ದೇನೆ.

ಪತ್ರ ಮುಟ್ಟಿದ ಕೂಡಲೇ ಹೊರಡಿರಿ, ರಜೆ ಸಿಗದಿದ್ದರೂ ಹೊರಡಿರಿ. ಜೋಳ ಮೊಳಕೆ ಒಡೆಯುವುದರೊಳಗೆ ಬಂದು ಕರೆದುಕೊಂಡು ಹೋಗಿರಿ. ಅಲ್ಲಿ ಹಸಿರು ಏಳುವುದನ್ನು ನಾನು ನೋಡಲಾರೆ.

ದಾನವ್ವ